ಬಿಡಿಸದ ಹಾಳೆ

ನೀಲಾಬಾಯಿ ಮರದ ಪಟ್ಟಿಯನ್ನು ಪುಸ್ತಕದೊಳಗೆ ತೂರಿಸಿ, ಅಚ್ಚಾದಂದಿನಿಂದ ಕೂಡಿಕೊಂಡೇ ಇದ್ದ ಹಾಳೆಗಳನ್ನು ಪರ್ರನೆ ಸೀಳಿದರು. "ಅಂದಾನಪ್ಪಾ, ಇದನ್ನ ಹದಿನಾಲ್ಕು ಹುಡುಗ್ರು ಓದ್ಯಾರಂತ ಎಪ್ಪತ್ತೆಂಟನೇ ಇಸ್ವಿ ರಜಿಸ್ಟರಿನ್ಯಾಗ ಬರದೀಯಲ್ಲ. ಹಾಳಿ ಬಿಡಿಸಲಾರದ ಹೆಂಗ ಓದಿದ್ರೋ? ಮೂಸಿ ನೋಡಿದ್ರೇನು?"

ಹುನಗುಂದದ ಆ ತರುಣ ಮಾಸ್ತರ ತಲೆ ತಗ್ಗಿಸಿದ. ಶಾಲೆಯ ಗ್ರಂಥಪಾಲಕಿಯಾಗಿ ನಿವೃತ್ತರಾದ ಮೇಲೆ ನೀಲಾಬಾಯಿ ಊರೂರು ತಿರುಗಿ ಮಾಸ್ತರರಿಗೆ ಗ್ರಂಥಾಲಯ ನಡೆಸಲು ಕಲಿಸುತ್ತಿದ್ದರು. ಕಲಿತವರಲ್ಲಿ ಇವನೇ ಜಾಣ.

"ಸಿಟ್ಟಾಗಬ್ಯಾಡ್ರಿ ಬಾಯಾರ. ಮೂವತ್ತು ವರ್ಷದಾಗ ನನ್ನ ಒಂದು ಪುಸ್ತಕಾನೂ ಹರೀಲಿಲ್ಲ, ಕಳೀಲಿಲ್ಲ ಅಂತ ಮೊದಲ್ನೇ ದಿನಾ ನೀವ ಹೇಳಿದ್ರಿ. ಹುಡುಗ್ರ ಕೈಯಾಗ ಕೊಟ್ರ ಅದು ಆಗೂ ಮಾತೇನ್ರಿ? ಅದಕ್ಕ ಕಪಾಟಿಗೆ ಕೀಲಿ ಹಾಕಿ, ರಜಿಸ್ಟರ್ ಅಷ್ಟ ತುಂಬೀನಿ."

ಅದೇ ಮಾತನ್ನು ನೀಲಾಬಾಯಿ ಪ್ರತಿ ಶಿಬಿರದಲ್ಲೂ ಎದೆಯುಬ್ಬಿಸಿ ಹೇಳಿದ್ದರು. ಇಳಕಲ್ಲಿನಲ್ಲಿ, ಬಾದಾಮಿಯಲ್ಲಿ, ಇನ್ನೆಷ್ಟು ಕಪಾಟುಗಳು ಹೀಗೆ ಮುಚ್ಚಿದ್ದವೋ! ಸಿಟ್ಟು ಅವನನ್ನು ಬಿಟ್ಟು ಅವರ ಮೇಲೆಯೇ ತಿರುಗಿತು.

ಅವರು ಪಟ್ಟಿಯನ್ನು ಕೆಳಗಿಟ್ಟದ್ದನ್ನು ಕಂಡು ಅಂದಾನಪ್ಪನಿಗೆ ಧೈರ್ಯ ಬಂತು. "ನಮ್ಮದು ಮಾದರಿ ಗ್ರಂಥಾಲಯ ಆಗೇತ್ರಿ, ಎಲ್ಲಾ ನಿಮ್ಮ ಪುಣ್ಯಾ. ನಾಳಿ ನಿಮ್ಮ ಸನ್ಮಾನಕ್ಕ ಇದನ್ನ ಉಟಗೊಂಡು ಬರ್ರಿ," ಎಂದು ಇಳಕಲ್ ಸೀರೆಯನ್ನು ಮುಂದೆ ಹಿಡಿದ.

"ಒಲ್ಲೆ," ಎಂದರು ನೀಲಾಬಾಯಿ. "ನಾ ಉಡೂದಿಲ್ಲ."