ಕೆಟ್ಟುಹೋದ ರೇಡಿಯೊ

ಯುದ್ಧ ಶುರುವಾದಂದಿನಿಂದ ಬೀರಮ್ಮ ದಿನವೂ ತುಳಸಕ್ಕನ ಮನೆಗೆ ವಾರ್ತೆ ಕೇಳಲು ಬರುತ್ತಿದ್ದಳು. ಅವಳ ಮಗ ನೌಕಾಪಡೆಯಲ್ಲಿದ್ದ. ಆ ಬೆಳಿಗ್ಗೆ, ಅವನಿದ್ದ ಹಡಗು ಮುಳುಗಿತೆಂದು ರೇಡಿಯೊ ಹೇಳಿದಾಗ ತುಳಸಕ್ಕ ಅದನ್ನು ಆರಿಸಿ ಮೇಲೆ ಬಟ್ಟೆ ಹೊದಿಸಿದಳು. ಮಧ್ಯಾಹ್ನ ಮೀನುಬುಟ್ಟಿ ಹೊತ್ತು ಪೇಟೆಯಿಂದ ಬಂದ ಬೀರಮ್ಮ ಎಂದಿನಂತೆ ಜಗಲಿಯಲ್ಲಿ ಕುಳಿತಳು.

“ರೇಡಿಯೊ ಹಚ್ಚೇ, ತಂಗಿ.”

“ಕೆಟ್ಟೋಗದೆ ಬೀರಕ್ಕ,” ಎಂದಳು ತುಳಸಕ್ಕ, ಅವಳ ಮುಖ ನೋಡಲಾರದೆ. “ರಿಪೇರಿಗೆ ಕೊಡ್ಬೇಕು.”

“ಬೇಗ ಆಗೂದಿಲ್ವಾ?”

“ಇಲ್ಲ. ತಿಂಗ್ಳೇ ಆಗ್ತದೇನೋ.”

ಬೀರಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಬುಟ್ಟಿಯ ಮೀನೆಲ್ಲ ಮಾರದೆ ಹಾಗೇ ಉಳಿದಿತ್ತು. ಆಮೇಲೆ ತುಳಸಕ್ಕನ ಕೈ ಹಿಡಿದುಕೊಂಡಳು.

“ಪೇಟೆಲಿ ಎಲ್ಲಾ ಕೇಳ್ಕಂಡೇ ಬಂದೆ, ತಂಗಿ. ನನ್ನ ಸೊಸೆ ಬಂದ್ರೂ ಹಿಂಗೇ ಹೇಳು, ಹೆರಿಗೆ ಆಗೂತನ್ಕ.”