ನಾಮಪತ್ರದ ಗಳಿಗೆ

ಗಂಡ ಸತ್ತು ತೆರವಾದ ಪುರಸಭೆಯ ಸ್ಥಾನಕ್ಕೆ ಅವಳೇ ನಿಲ್ಲಬೇಕೆಂದು ಪಕ್ಷದ ಹಿರಿಯರಾದ ಚೆನ್ನವೀರಪ್ಪನವರು ಮತ್ತೆ ಬಂದು ಕೂತಿದ್ದರು. ಸತ್ತವನ ಮೇಲಿನ ಕನಿಕರ ಆರುವ ಮೊದಲೇ ಚುನಾವಣೆ ಬಂದದ್ದು ದೇವರ ದಯೆಯೆಂದು ಅವರು ನಂಬಿದ್ದರು.

“ನಂಗ್ಯಾಕೆ ಬಿಡಿ, ಯಜಮಾನ್ರೇ,” ಎಂದಳು. “ನಿಮ್ಮ ಮಗಳ ಮದುವೆಗೇ ನನ್ನನ್ನ ಧಾರೆ ಮುಗಿದ ಮೇಲೆ ಊಟಕ್ಕೆ ಬಾ ಅಂದ್ರಿ. ಈಗ ಊರಿಗೇ ಮುಂದಾಳಾಗು ಅಂತೀರಿ.”

“ಅಯ್ಯೋ, ಅದು ಹೆಂಗಸರು ಮಾಡಿದ್ದು ಕಣಮ್ಮ, ನಂಗೆ ಗೊತ್ತೇ ಆಗ್ಲಿಲ್ಲ. ಕಾಲ ಎಲ್ಲಿಗೆ ಬಂತು, ಇನ್ನೂ ಅದನ್ನೆಲ್ಲ ಹಿಡ್ಕೊಂಡು ಕೂತ್ರೆ ಆಗುತ್ತಾ? ಎಂ.ಎ. ಓದಿದವಳು ಮೂಲೇಲಿ ಕೂರಬಾರದು. ನೀನು ಮುಂದೆ ನಡಿ ತಾಯಿ, ನಾವೆಲ್ಲ ನಿನ್ನ ಹಿಂದೆ!”

ಗಂಡ ಹೋದ ಮೇಲೆ ಅವಳಿಗೆ ಯಾರೂ ‘ಮುಂದೆ ನಡಿ’ ಎಂದಿರಲಿಲ್ಲ. ಆ ಒಂದು ಮಾತಿಗೆ ಕರಗಿ ಹೂಂ ಎಂದುಬಿಟ್ಟಳು.

ಸೋಮವಾರ ನಾಮಪತ್ರ ಸಲ್ಲಿಸಲು ಜೋಯಿಸರು ಒಳ್ಳೆಯ ಗಳಿಗೆ ನೋಡಿಕೊಟ್ಟರು. ಮನೆಯ ಮುಂದೆ ಹಾರ ಹಾಕಿದ ಜೀಪು, ತಮಟೆ, ‘ನಮ್ಮ ಮನೆಮಗಳು’ ಎಂದು ಅವಳ ಚಿತ್ರ ಹೊತ್ತ ಬ್ಯಾನರು. ಇಸ್ತ್ರಿ ಮಾಡಿದ ಸೀರೆಯುಟ್ಟು ಅವಳು ಹೊಸ್ತಿಲಿಗೆ ಬರುತ್ತಲೇ, ಅಂಗಳದಲ್ಲಿದ್ದ ಚೆನ್ನವೀರಪ್ಪನವರು ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದರು.

“ಅಲ್ಲೇ ನಿಲ್ಲಮ್ಮ! ಒಳ್ಳೆ ಕೆಲಸಕ್ಕೆ ಹೊರಟಿದ್ದೀವಿ, ಎದುರಿಗೆ ಬರಬೇಡ. ಜೀಪು ತಿರುವು ದಾಟಲಿ, ಆಮೇಲೆ ಹಿತ್ತಲ ಬಾಗಿಲಿಂದ ಬಂದು ಸೇರ್ಕೋ.”