ಮೈಕಿನವನ ಬೆರಳು

"ಶಾಲೆ ಮೈದಾನ ನಮಗೆ ಬಿಟ್ಕೊಡ್ತೀವಿ ಅಂತ ಸಹಿ ಹಾಕದೆ ಒಬ್ಬರೂ ಹೊರಗೆ ಹೋಗೋ ಹಾಗಿಲ್ಲ!" ನಾಯಕ ವೇದಿಕೆಯಿಂದ ಗುಡುಗಿದಾಗ ಸಭಾಂಗಣದ ಕಿಟಕಿ ಗಾಜುಗಳು ನಡುಗಿದವು. ಚಿಲಕ ಹಾಕಿದ ಬಾಗಿಲಿಗೆ ಅವನ ಇಬ್ಬರು ಬಂಟರು ಬೆನ್ನು ಕೊಟ್ಟು ನಿಂತಿದ್ದರು. ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ಕೂತಿದ್ದರು. "ಮೂರನೇ ಸಾಲಿನ ಟೀಚರಮ್ಮ, ತಲೆ ಅಲ್ಲಾಡಿಸ್ತೀರಾ? ನಿಮ್ಮ ಕೆಲಸ ಇವತ್ತಿಗೆ ಮುಗೀತು."

ಮೂಲೆಯಲ್ಲಿದ್ದ ಮೈಕಿನವನು ತಟ್ಟನೆ ತಲೆಯೆತ್ತಿದ. ಆ ಟೀಚರಮ್ಮ ಅವನ ಸ್ವಂತ ಅಕ್ಕ. ಹತ್ತು ವರ್ಷದಿಂದ ಈ ನಾಯಕನಿಗೆ ಮೈಕು ಕಟ್ಟಿದ ಅವನೊಬ್ಬನಿಗೇ ಗೊತ್ತು: ಮೈಕಿಲ್ಲದಿದ್ದರೆ ಆ ದನಿ ಮೊದಲ ಸಾಲನ್ನೂ ದಾಟದು. ಅವನ ಬೆರಳು ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿತು.

"ನಾನ್ಯಾರು ಗೊತ್ತಾ?" ಎಂಬುದು ಇಲಿಮರಿಯ ಕೀಚಲಾಗಿ ಹೊರಬಿತ್ತು. ನಾಯಕ ಮೈಕು ತಟ್ಟಿದ, ಊದಿದ. "ಕರೆಂಟ್ ಕಮ್ಮಿ ಸಾರ್," ಎಂದ ಮೈಕಿನವನು. "ಏನೂ ಕೇಳಿಸ್ತಿಲ್ಲ!" ಎಂದಿತು ಹಿಂದಿನ ಸಾಲು. ಯಾರೋ ಕಿಸಕ್ಕೆಂದರು.

ಅಕ್ಕ ಎದ್ದು ನಿಂತಳು. ಅರವತ್ತು ಮಕ್ಕಳ ಕ್ಲಾಸನ್ನು ಇಪ್ಪತ್ತು ವರ್ಷ ಬರೀ ಗಂಟಲಲ್ಲೇ ಹಿಡಿದಿಟ್ಟವಳು.

"ಬಾಗಿಲು ತೆಗಿ!"

ಬಾಗಿಲಲ್ಲಿದ್ದ ಬಂಟರಲ್ಲೊಬ್ಬ ಬೆಚ್ಚಿ ನೆಟ್ಟಗಾದ. "ಆಯ್ತು ಮಿಸ್," ಎಂದು ಚಿಲಕ ಎಳೆದ.